ಲೋಟನ ಹೆಂಡತಿಯ ಹೆಸರೇನು?

ಒಗಟು ಹೇಳದ ಅಜ್ಜಿಯಂದಿರು ನಮ್ಮ ಕರಾವಳಿಯಲ್ಲಿ ಕಡಿಮೆ. ಬೀಡಿ ಕಟ್ಟುತ್ತಲೋ, ಹಲಸಿನ ಬೀಜ ಸುಲಿಯುತ್ತಲೋ ಕುಳಿತ ಹೆಂಗಸರ ನಡುವೆ ಒಗಟೊಂದು ಬಿದ್ದರೆ ಸಾಕು, ಅದುವರೆಗೆ ಸೊಸೆಯ ಮೇಲೆ ಮುನಿಸಿಕೊಂಡು ಕೂತವರೂ ಉತ್ತರಕ್ಕಾಗಿ ತಲೆ ಕೆರೆದುಕೊಳ್ಳುತ್ತಾರೆ. ಇಂಗ್ಲಿಷಿನ ಕ್ವಿಜ್ ನಮ್ಮ ನಾಡಿಗೆ ಬಂದಾಗ ಕನ್ನಡದಲ್ಲಿ ಅದಕ್ಕೆ ‘ರಸಪ್ರಶ್ನೆ’ ಎಂಬ ಹೆಸರು ನೆಲೆಯಾಯಿತು. ಎಂಥ ಚೆಂದದ ಹೆಸರು! ಬರೀ ಪ್ರಶ್ನೆಯಾದರೆ ಪರೀಕ್ಷೆಯ ಕೋಣೆ ನೆನಪಾಗುತ್ತದೆ. ರಸ ಸೇರಿತೆಂದರೆ ಜಗಲಿ ನೆನಪಾಗುತ್ತದೆ.

ನಮ್ಮ ಸಭೆಯ ಸ್ತ್ರೀ ಸಂಘದಲ್ಲಿ ಹಾಡು, ಪ್ರಾರ್ಥನೆ, ಕಳೆದ ತಿಂಗಳ ವರದಿ, ಲೆಕ್ಕಪತ್ರ ಎಲ್ಲ ಮುಗಿದು ಚಹಾ ಬರುವ ತನಕ ಅರ್ಧ ಗಂಟೆ ಉಳಿಯುತ್ತದೆ. ಆ ಅರ್ಧ ಗಂಟೆ ಸತ್ಯವೇದದ ರಸಪ್ರಶ್ನೆಗೆ ಮೀಸಲು. ಪ್ರಶ್ನೆಗಳನ್ನು ಸಿದ್ಧಪಡಿಸುವ ಕೆಲಸ ಬಹಳ ವರ್ಷಗಳಿಂದ ನನ್ನ ಪಾಲಿಗೆ ಬಂದಿದೆ. ಹೊತ್ತು ಹೋಗಲಿಕ್ಕೆ ಒಂದು ಆಟ ಎಂದು ಅನೇಕರು ಅಂದುಕೊಂಡಿರುವ ಈ ಕೆಲಸದ ಹಿಂದೆ ಸಾವಿರಾರು ವರ್ಷಗಳ ಚರಿತ್ರೆ ಇದೆ. ಪ್ರಶ್ನೆ ಕೇಳುವುದು ಯಾರು, ಉತ್ತರ ಹೇಳುವ ಹಕ್ಕು ಯಾರದ್ದು, ತಿಳಿಯದವರನ್ನು ಏನು ಮಾಡಬೇಕು ಎಂಬ ವಿಚಾರಗಳು ಈ ಚರಿತ್ರೆಯ ಉದ್ದಕ್ಕೂ ಬರುತ್ತವೆ.

ಸತ್ಯವೇದದ ಒಳಗೇ ಇಂಥ ಎರಡು ಪ್ರಸಂಗಗಳಿವೆ. ಒಂದು ನ್ಯಾಯಸ್ಥಾಪಕರು ಪುಸ್ತಕದ ಹದಿನಾಲ್ಕನೆಯ ಅಧ್ಯಾಯದಲ್ಲಿ. ಸಂಸೋನನ ಮದುವೆ. ಏಳು ದಿನಗಳ ಔತಣ. ಮದುಮಗನು ಮೂವತ್ತು ಮಂದಿ ಜೊತೆಗಾರರ ಮುಂದೆ ಒಂದು ಒಗಟು ಇಟ್ಟು, ಬಿಡಿಸಿದರೆ ಮೂವತ್ತು ನಾರುಮಡಿಗಳನ್ನೂ ಮೂವತ್ತು ಉಡುಪುಗಳನ್ನೂ ಕೊಡುವೆನೆಂದು ಪಂಥ ಕಟ್ಟುತ್ತಾನೆ. ಸತ್ತ ಸಿಂಹದ ಒಡಲಲ್ಲಿ ಜೇನು ಕಂಡ ತನ್ನ ಗುಟ್ಟನ್ನೇ ಅವನು ಒಗಟು ಮಾಡಿದ್ದ. ಕಾಣದವರಿಗೆ ಅದು ಬಿಡಿಸಲು ಬರುವಂಥದ್ದಲ್ಲ. ಸೋಲು ಹತ್ತಿರವಾದಾಗ ಆ ಗಂಡಸರು ಹೋಗಿ ಹಿಡಿದದ್ದು ಮದುಮಗಳನ್ನು. ಉತ್ತರ ತಿಳಿದು ಹೇಳದಿದ್ದರೆ ನಿನ್ನನ್ನೂ ನಿನ್ನ ತಂದೆಯ ಮನೆಯನ್ನೂ ಸುಡುತ್ತೇವೆ ಎಂದು ಹೆದರಿಸಿದರು. ಅವಳು ಅತ್ತು ಅತ್ತು ಗಂಡನಿಂದ ಗುಟ್ಟು ಪಡೆದು ಹೇಳಿದಳು. ಪಂಥದ ಬಟ್ಟೆ ತೀರಿಸಲು ಸಂಸೋನನು ಅಷ್ಕೆಲೋನಿನಲ್ಲಿ ಮೂವತ್ತು ಜನರನ್ನು ಕೊಂದ. ಮುಂದಿನ ಅಧ್ಯಾಯದಲ್ಲಿ ಅವಳನ್ನೂ ಅವಳ ತಂದೆಯನ್ನೂ ಸುಟ್ಟೇ ಬಿಟ್ಟರು. ಆಟ ಕಟ್ಟಿದವರು ಗಂಡಸರು, ಪಂಥ ಗಂಡಸರದು; ಬೆಂದವಳು ಅವಳು.

ಇನ್ನೊಂದು ಪ್ರಸಂಗ ಅರಸುಗಳು ಪುಸ್ತಕದ ಮೊದಲ ಭಾಗದಲ್ಲಿ. ಸೊಲೊಮೋನನ ಜ್ಞಾನದ ಸುದ್ದಿ ಕೇಳಿ ಶೆಬದ ರಾಣಿಯು ಒಂಟೆಗಳ ಮೇಲೆ ಸುಗಂಧದ್ರವ್ಯ, ಚಿನ್ನ, ರತ್ನಗಳನ್ನು ಹೇರಿಕೊಂಡು ಜೆರುಸಲೇಮಿಗೆ ಬಂದಳು. ಕಠಿಣ ಪ್ರಶ್ನೆಗಳನ್ನು ಕೇಳಿದಳು. ಹೀಬ್ರೂ ಮೂಲದಲ್ಲಿ ಸಂಸೋನನ ಒಗಟಿಗೂ ಈ ರಾಣಿಯ ಪ್ರಶ್ನೆಗಳಿಗೂ ಬಳಸಿದ ಪದ ಒಂದೇ. ಆದರೆ ಇಲ್ಲಿ ಪ್ರಶ್ನೆ ಕೇಳಿದವಳು ಹೆಂಗಸು, ಕೇಳಿದ್ದು ತಿಳಿಯುವುದಕ್ಕಾಗಿ. ಮನಸ್ಸಿನಲ್ಲಿದ್ದುದನ್ನೆಲ್ಲ ಮಾತಾಡಿದ ಮೇಲೆ ಕಾಣಿಕೆ ಕೊಟ್ಟು, ಕಾಣಿಕೆ ಪಡೆದು, ತನ್ನ ದೇಶಕ್ಕೆ ಹೊರಟಳು. ಅಲ್ಲಿ ಸೋತವರಿಲ್ಲ.

ಮುಂದೆ ಹುಟ್ಟಿದ ಪ್ರಶ್ನೆಯಾಟಗಳೆಲ್ಲ ಈ ಎರಡರಲ್ಲಿ ಒಂದರ ಸಂತಾನ ಎಂದು ನನಗೆ ಅನ್ನಿಸುವುದುಂಟು. ಇನ್ನೊಬ್ಬರನ್ನು ಸೋಲಿಸಲು ಕಟ್ಟಿದ ಪ್ರಶ್ನೆ ಒಂದು ಬಗೆ. ಕೂಡಿ ತಿಳಿಯಲು ಕೇಳಿದ ಪ್ರಶ್ನೆ ಇನ್ನೊಂದು ಬಗೆ.

ಎರಡನೆಯ ಬಗೆಯನ್ನು ಯೆಹೂದಿಗಳು ಮನೆಯ ಊಟದ ಮೇಜಿನ ಬಳಿಯೇ ಉಳಿಸಿಕೊಂಡರು. ಪಸ್ಕ ಹಬ್ಬದ ರಾತ್ರಿ ಮನೆಯ ಅತಿ ಚಿಕ್ಕ ಮಗು ಪ್ರಶ್ನೆ ಕೇಳಬೇಕು, ದೊಡ್ಡವರು ಐಗುಪ್ತದಿಂದ ಹೊರಟ ಕಥೆ ಹೇಳಬೇಕು. ಮಗು ಕೇಳದೆ ಕಥೆ ಶುರುವಾಗುವುದಿಲ್ಲ. ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಬೋಧಕರ ನಡುವೆ ಕುಳಿತ ಪ್ರಸಂಗದಲ್ಲೂ, ಲೂಕನ ಪ್ರಕಾರ ಆ ಹುಡುಗ ಮೊದಲು ಮಾಡುತ್ತಿದ್ದದ್ದು ಅವರ ಮಾತು ಕೇಳುವುದು, ಪ್ರಶ್ನೆ ಕೇಳುವುದು.

ಕ್ರೈಸ್ತ ಸನ್ಯಾಸಿಗಳೂ ಒಗಟಿನ ರುಚಿ ಬಿಟ್ಟವರಲ್ಲ. ಮಧ್ಯಯುಗದ ಯುರೋಪಿನಲ್ಲಿ ‘ಜೋಕಾ ಮೊನಾಕೋರುಮ್’, ಎಂದರೆ ಸನ್ಯಾಸಿಗಳ ವಿನೋದ ಎಂಬ ಲ್ಯಾಟಿನ್ ಪ್ರಶ್ನೋತ್ತರಗಳು ಒಂದು ಮಠದಿಂದ ಇನ್ನೊಂದು ಮಠಕ್ಕೆ ಕೈಬರಹದಲ್ಲಿ ಹೋಗುತ್ತಿದ್ದವು. ಹುಟ್ಟದೆ ಸತ್ತವನು ಯಾರು ಎಂಬ ತರದ ಪ್ರಶ್ನೆಗಳು ಅವು. ಉತ್ತರ ಆದಾಮ, ಅವನನ್ನು ಮಣ್ಣಿನಿಂದ ಮಾಡಲಾಯಿತೇ ಹೊರತು ಯಾರೂ ಹೆರಲಿಲ್ಲ. ಲೋಕದ ಜನಸಂಖ್ಯೆಯ ಕಾಲು ಭಾಗವನ್ನು ಒಂದೇ ಏಟಿಗೆ ಕೊಂದವನು ಯಾರು ಎಂಬುದು ಅದೇ ಜಾತಿಯ ಇನ್ನೊಂದು ಹಳೆಯ ಒಗಟು. ಆದಾಮ, ಹವ್ವ, ಕಾಯಿನ, ಹೇಬೆಲ ಎಂದು ನಾಲ್ಕು ಬೆರಳು ಮಡಚಿದರೆ ಉತ್ತರ ಸಿಗುತ್ತದೆ. ನಮ್ಮ ಸಂಘದಲ್ಲಿ ಈ ಪ್ರಶ್ನೆ ಇಟ್ಟಾಗಲೆಲ್ಲ ಮೊದಲು ನೋಹನ ಜಲಪ್ರಳಯದ ಕಡೆಗೆ ಓಡಿ, ಆಮೇಲೆ ನಗುತ್ತಾರೆ.

ಹದಿನಾರನೆಯ ಶತಮಾನದಲ್ಲಿ ಪ್ರಶ್ನೆಗೆ ಬೇರೆಯೇ ಕೆಲಸ ಬಂತು. 1529ರಲ್ಲಿ ಮಾರ್ಟಿನ್ ಲೂಥರ್ ಮನೆಯ ಯಜಮಾನರು ಮಕ್ಕಳಿಗೂ ಆಳುಗಳಿಗೂ ಕಲಿಸಲೆಂದು ಸಣ್ಣ ಪ್ರಶ್ನೋತ್ತರಿಯೊಂದನ್ನು ಹೊರತಂದ. ಇತರ ಸಭೆಗಳೂ ತಮ್ಮ ತಮ್ಮ ಪ್ರಶ್ನೋತ್ತರಿಗಳನ್ನು ಬರೆದವು. 1563ರ ಹೈಡೆಲ್‌ಬರ್ಗ್ ಪ್ರಶ್ನೋತ್ತರಿಯಲ್ಲಿ 129 ಪ್ರಶ್ನೆಗಳಿವೆ. ನಮ್ಮ ಪಕ್ಕದ ಗೋವೆಯಲ್ಲಿ ಕಥೋಲಿಕ ಪಾದ್ರಿ ಥಾಮಸ್ ಸ್ಟೀಫನ್ಸ್ ಕೊಂಕಣಿಗೆ ತಂದ ಕ್ರೈಸ್ತ ಬೋಧೆಯ ಪುಸ್ತಕ 1622ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅದೂ ಗುರುಶಿಷ್ಯರ ಪ್ರಶ್ನೋತ್ತರವೇ. ಇಲ್ಲಿ ಉತ್ತರ ಮೊದಲೇ ಗೊತ್ತಾಗಿರುತ್ತದೆ, ಒಂದಕ್ಷರ ಕದಲಬಾರದು. ಓದುಬರಹ ಬಾರದವರಿಗೂ ನೆನಪಿನಲ್ಲಿ ಉಳಿಯಿತು ಎಂಬುದು ಅದರ ಉಪಕಾರ. ತಿರುಗಿ ಕೇಳುವ ಹಾಗಿಲ್ಲ ಎಂಬುದು ಅದರ ಬಿಗಿ.

ಹುಡುಕುವ ಆಟಕ್ಕೆ ದಾರಿಯಾದದ್ದು ಒಬ್ಬ ಮುದ್ರಕನಿಂದ. ಸತ್ಯವೇದಕ್ಕೆ ಈಗಿರುವ ಅಧ್ಯಾಯಗಳ ವಿಭಾಗ ಹದಿಮೂರನೆಯ ಶತಮಾನದ್ದು. ಅದು ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಸ್ಟೀಫನ್ ಲ್ಯಾಂಗ್ಟನ್ ಹೆಸರಿನಲ್ಲಿದೆ. ಹೊಸ ಒಡಂಬಡಿಕೆಯಲ್ಲಿ ನಾವು ಹೇಳುವ ವಚನಸಂಖ್ಯೆಗಳನ್ನು ರಾಬರ್ಟ್ ಎತಿಯೆನ್ ಎಂಬ ಫ್ರೆಂಚ್ ಮುದ್ರಕ 1551ರ ತನ್ನ ಗ್ರೀಕ್ ಆವೃತ್ತಿಯಲ್ಲಿ ಹಾಕಿದ. ಪ್ಯಾರಿಸಿನಿಂದ ಲಿಯೋನಿಗೆ ಹೋಗುವ ಪಯಣದಲ್ಲಿ ಅಪ್ಪ ಈ ಕೆಲಸ ಮಾಡಿದನೆಂದು ಅವನ ಮಗ ಬರೆದಿಟ್ಟಿದ್ದಾನೆ. ಇಂದು ಸಂಡೇ ಸ್ಕೂಲಿನಲ್ಲಿ ಪುಸ್ತಕ, ಅಧ್ಯಾಯ, ವಚನ ಹೇಳಿದ ಕೂಡಲೇ ಯಾರು ಮೊದಲು ತೆರೆದು ಓದುತ್ತಾರೆ ಎಂದು ಮಕ್ಕಳು ಪಟಪಟನೆ ಹಾಳೆ ಮಗುಚುತ್ತಾರಲ್ಲ, ಆ ಆಟ ಈ ಸಂಖ್ಯೆಗಳಿಲ್ಲದೆ ಹುಟ್ಟುತ್ತಿರಲಿಲ್ಲ.

ಸಂಡೇ ಸ್ಕೂಲಿನ ಮಾತು ಬಂದಾಗ ಎಲ್ಲರೂ ಗ್ಲಾಸ್ಟರಿನ ರಾಬರ್ಟ್ ರೈಕ್ಸನನ್ನು ನೆನೆಯುತ್ತಾರೆ. ವಾರದ ಆರು ದಿನ ದುಡಿಯುತ್ತಿದ್ದ ಬಡ ಮಕ್ಕಳಿಗೆ 1780ರಲ್ಲಿ ಭಾನುವಾರದ ಶಾಲೆ ತೆರೆದವನು ಆತ. ಅದಕ್ಕೂ ಹನ್ನೊಂದು ವರ್ಷ ಮೊದಲೇ, 1769ರಲ್ಲಿ, ಹೈ ವೈಕಂಬ್ ಎಂಬ ಊರಿನಲ್ಲಿ ಹಾನಾ ಬಾಲ್ ಎಂಬ ಹೆಂಗಸು ಇಂಥ ಶಾಲೆ ನಡೆಸುತ್ತಿದ್ದಳು. ‘ಸಂಡೇ ಸ್ಕೂಲ್ ಆರಂಭಿಸಿದವರು ಯಾರು’ ಎಂದು ನಾನು ಕೇಳುವಾಗ ಈ ಎರಡು ಹೆಸರುಗಳನ್ನೂ ಹೇಳಿಸದೆ ಬಿಡುವುದಿಲ್ಲ.

ಹತ್ತೊಂಬತ್ತನೆಯ ಶತಮಾನದ ಸಂಡೇ ಸ್ಕೂಲುಗಳಲ್ಲಿ ವಚನ ಬಾಯಿಪಾಠ ಮಾಡಿದವರಿಗೆ ಬಣ್ಣದ ಚೀಟಿ ಕೊಡುವ ರೂಢಿ ಬೆಳೆಯಿತು. ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ‘ಟಾಮ್ ಸಾಯರ್’ ಕಾದಂಬರಿಯಲ್ಲಿ ಅದರ ಗಮ್ಮತ್ತಿನ ಚಿತ್ರವಿದೆ. ಎರಡು ವಚನಕ್ಕೆ ಒಂದು ನೀಲಿ ಚೀಟಿ, ಹತ್ತು ನೀಲಿಗೆ ಒಂದು ಕೆಂಪು, ಹತ್ತು ಕೆಂಪಿಗೆ ಒಂದು ಹಳದಿ, ಹತ್ತು ಹಳದಿಗೆ ಒಂದು ಸತ್ಯವೇದ; ಒಟ್ಟು ಎರಡು ಸಾವಿರ ವಚನ. ಟಾಮ್ ವಚನ ಕಲಿಯುವುದಿಲ್ಲ. ತನ್ನ ಆಟದ ಸಾಮಾನು ಕೊಟ್ಟು ಇತರ ಹುಡುಗರ ಚೀಟಿಗಳನ್ನು ಕೊಂಡುಕೊಂಡು ಎಲ್ಲರ ಮುಂದೆ ಬಹುಮಾನಕ್ಕೆ ನಿಲ್ಲುತ್ತಾನೆ. ಮೊದಲ ಇಬ್ಬರು ಶಿಷ್ಯರು ಯಾರೆಂದು ಕೇಳಿದರೆ ದಾವೀದ ಮತ್ತು ಗೊಲ್ಯಾತ ಎನ್ನುತ್ತಾನೆ! ನಗು ಬರುತ್ತದೆ, ನಿಜ. ಬಹುಮಾನ ದೊಡ್ಡದಾದಷ್ಟೂ ಪುಸ್ತಕ ಸಣ್ಣದಾಗುತ್ತದೆ ಎಂಬ ಮಾತೂ ಆ ನಗುವಿನ ಒಳಗಿದೆ. ನಮ್ಮ ಸಂಘದಲ್ಲಿ ಮೊದಲಿನಿಂದಲೂ ಬಹುಮಾನ ಒಂದು ಸೋಪಿನ ಡಬ್ಬಿಯನ್ನೋ ಸ್ಟೀಲಿನ ಬಟ್ಟಲನ್ನೋ ದಾಟಿ ಹೋಗಿಲ್ಲ.

ಇನ್ನು ನಮ್ಮ ನಾಡಿಗೆ ಬರೋಣ. ಕನ್ನಡದಲ್ಲಿ ಸತ್ಯವೇದ ಪೂರ್ತಿಯಾಗಿ ಬಂದದ್ದು 1830ರ ದಶಕದ ಆರಂಭದಲ್ಲಿ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದರ ಹಿಂದಿನ ಮುಖ್ಯ ಪರಿಶ್ರಮಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1841ರಲ್ಲಿ ಮುದ್ರಣಾಲಯ ತೆರೆದರು, 1847ರಲ್ಲಿ ತುಳುವಿನಲ್ಲಿ ಹೊಸ ಒಡಂಬಡಿಕೆ ಅಚ್ಚು ಮಾಡಿದರು. ಪುಸ್ತಕ ಬಂತು, ಓದುವ ಹೆಂಗಸರು ಎಷ್ಟು ಮಂದಿ? 1901ರ ಜನಗಣತಿಯ ಹೊತ್ತಿಗೂ ಇಡೀ ಭಾರತದಲ್ಲಿ ನೂರು ಹೆಂಗಸರಲ್ಲಿ ಒಬ್ಬಳಿಗೆ ಪೂರ್ತಿಯಾಗಿ ಅಕ್ಷರ ಬರುತ್ತಿತ್ತು ಎನ್ನುವಂತಿರಲಿಲ್ಲ. ಹಾಗಾಗಿ ಸತ್ಯವೇದ ಹೆಂಗಸರ ಬಳಿಗೆ ಕಣ್ಣಿನ ದಾರಿಯಿಂದಲ್ಲ, ಕಿವಿಯ ದಾರಿಯಿಂದ ಬಂತು. ‘ಬೈಬಲ್ ವುಮನ್’ ಎಂದು ಕರೆಸಿಕೊಂಡ ನಮ್ಮವರೇ ಆದ ಹೆಂಗಸರು, ಹಲವರು ವಿಧವೆಯರು, ಮನೆಮನೆಯ ಹಿತ್ತಿಲಿಗೆ ಹೋಗಿ ಓದಿ ಹೇಳಿದರು. ಓದಿದ ಮೇಲೆ ಕೇಳುವ ಪ್ರಶ್ನೆ ಒಂದೇ ಪಾಟಿ, ಒಂದೇ ಬಳಪ. ‘ಆಮೇಲೆ ರೂತಳು ಏನು ಮಾಡಿದಳು, ಹೇಳಿ ನೋಡುವ’ ಎಂದು ಕೇಳಿದರೆ ಕೇಳಿದವಳು ತಾನೇ ಕಥೆ ಹೇಳಲೇಬೇಕು.

ಆ ತಲೆಮಾರಿನ ಕೊನೆಯ ಕೊಂಡಿಯಂಥ ಮುದುಕಿಯೊಬ್ಬರು ನಮ್ಮ ಸಂಘದಲ್ಲಿದ್ದರು. ಅಕ್ಷರ ಬಾರದು. ವಚನಸಂಖ್ಯೆ ಕೇಳಿದರೆ ಬಾಯಿ ತೆರೆಯುತ್ತಿರಲಿಲ್ಲ. ಆದರೆ ಎಲೀಯನಿಗೆ ರೊಟ್ಟಿ ಸುಟ್ಟುಕೊಟ್ಟ ಚಾರೆಪ್ತದ ವಿಧವೆಯ ಮಡಕೆಯಲ್ಲಿ ಎಷ್ಟು ಹಿಟ್ಟು ಉಳಿದಿತ್ತು ಎಂದು ಕೇಳಿದರೆ ‘ಒಂದು ಹಿಡಿ’ ಎಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದರು. ಹಿಡಿ ಹಿಟ್ಟಿನ ಲೆಕ್ಕ ಅವರಿಗೆ ಗೊತ್ತಿತ್ತು. ಪ್ರತಿ ತಂಡದಲ್ಲೂ ಓದುವವರೊಬ್ಬರು, ಕೇಳಿ ಕಲಿತವರೊಬ್ಬರು, ಹೊಸದಾಗಿ ಬಂದ ಸೊಸೆ ಒಬ್ಬಳು ಇರಬೇಕೆಂಬ ನಿಯಮ ಅವರನ್ನು ನೋಡಿಯೇ ಆದದ್ದು. ಸಂಖ್ಯೆಯ ಪ್ರಶ್ನೆ ಒಂದಾದರೆ ಕಥೆಯ ಪ್ರಶ್ನೆ ಮೂರು.

ಪ್ರಶ್ನೆ ಕಟ್ಟುವವರು ನೋಡಿಕೊಳ್ಳಬೇಕಾದ ಕೆಲವು ಸೂಕ್ಷ್ಮಗಳಿವೆ. ಸತ್ಯವೇದದಲ್ಲಿ ಎಷ್ಟು ಪುಸ್ತಕಗಳಿವೆ ಎಂದು ಕೇಳಿದರೆ ನಾವು ಪ್ರಾಟೆಸ್ಟಂಟರು 66 ಎನ್ನುತ್ತೇವೆ; ಕಥೋಲಿಕ ನೆರೆಯವರು 73 ಎನ್ನುತ್ತಾರೆ. ಎರಡೂ ಅವರವರ ಮಟ್ಟಿಗೆ ಸರಿ. ಕ್ರಿಸ್ಮಸ್ಸಿಗೆ ಎಲ್ಲರೂ ಕೂಡುವ ಕಡೆ ಇಂಥ ಪ್ರಶ್ನೆ ಇಟ್ಟು ಮನಸ್ತಾಪ ಯಾಕೆ? ಮೂಡಣ ದೇಶದಿಂದ ಬಂದ ಜೋಯಿಸರು ಎಷ್ಟು ಮಂದಿ ಎಂದು ಕೇಳಿ ನೋಡಿ, ‘ಮೂರು’ ಎಂಬ ಕೂಗು ಎದ್ದೇ ಏಳುತ್ತದೆ. ಮತ್ತಾಯನು ಕಾಣಿಕೆ ಮೂರು ಎಂದು ಹೆಸರಿಸಿದ್ದಾನೆಯೇ ಹೊರತು ಜೋಯಿಸರ ಲೆಕ್ಕ ಕೊಟ್ಟಿಲ್ಲ. ಏದೆನ್ ತೋಟದ ಹಣ್ಣು ಸೇಬೆಂದು ಆದಿಕಾಂಡ ಹೇಳಿಲ್ಲ. ಇವು ಜನರನ್ನು ಪೆದ್ದರನ್ನಾಗಿ ಮಾಡುವ ಪ್ರಶ್ನೆಗಳಾಗಬಾರದು. ‘ಪುಸ್ತಕ ತೆಗೆದು ನೋಡುವ ಬನ್ನಿ’ ಎನ್ನುವ ಪ್ರಶ್ನೆಗಳಾಗಬೇಕು. ಚಿತ್ರಪಟದಲ್ಲಿ ನೋಡಿದ್ದಕ್ಕೂ ಪುಸ್ತಕದಲ್ಲಿ ಇರುವುದಕ್ಕೂ ವ್ಯತ್ಯಾಸ ಕಂಡಾಗ ಹೆಂಗಸರ ಮುಖದಲ್ಲಿ ಬರುವ ಬೆಳಕೇ ಬೇರೆ.

ಅಂತ್ಯಾಕ್ಷರಿ ಆಡುವವರಿಗೂ ಒಂದು ಮಾತು. ಹಿಂದಿ ಹಾಡಿನ ಹಾಗೆ ವಚನಗಳ ಅಂತ್ಯಾಕ್ಷರಿ ಆಡಿದರೆ ಕನ್ನಡದಲ್ಲಿ ಹೂಡಿದ ಬಂಡಿ ಅಲ್ಲೇ ನಿಲ್ಲುತ್ತದೆ. ನಮ್ಮ ವಾಕ್ಯಗಳೆಲ್ಲ ‘ಹೇಳಿದನು, ಬಂದರು, ಹೋದಳು’ ಎಂದು ಮುಗಿಯುವುದರಿಂದ ‘ಳು’ವಿನಿಂದ ಶುರುವಾಗುವ ವಚನ ತರುವುದಾದರೂ ಎಲ್ಲಿಂದ? ಅದಕ್ಕೆ ಹೆಸರುಗಳ ಅಂತ್ಯಾಕ್ಷರಿ ಒಳ್ಳೆಯದು. ಆದಾಮ, ಮರಿಯ, ಯೋಸೇಫ, ಫಿಲಿಪ್ಪ, ಪೌಲ, ಲೋಟ. ಅಬ್ರಹಾಮನ ತಮ್ಮನ ಮಗ ಲೋಟ ಬಂದ ಕೂಡಲೇ ಮಕ್ಕಳು ಚಹಾದ ಲೋಟ ತೋರಿಸಿ ನಗುತ್ತಾರೆ. ನಗಲಿ. ನಕ್ಕ ಹೆಸರು ಮರೆಯುವುದಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಈ ಆಟ ಮನೆಯಂಗಳ ಬಿಟ್ಟು ವೇದಿಕೆ ಏರಿತು. 1940ರ ದಶಕದ ಕೊನೆಯಿಂದ ಅಮೆರಿಕದಲ್ಲಿ ‘ಯೂತ್ ಫಾರ್ ಕ್ರೈಸ್ಟ್’ ಸಂಸ್ಥೆ ಹರೆಯದವರ ತಂಡಗಳ ಪಂದ್ಯ ನಡೆಸಿತು; ಕುರ್ಚಿಗೆ ವಿದ್ಯುತ್ ಸ್ವಿಚ್ಚು, ಮೊದಲು ಎದ್ದವರಿಗೆ ಉತ್ತರದ ಅವಕಾಶ. ಇಸ್ರೇಲ್ ದೇಶ ತನ್ನ ಹತ್ತನೆಯ ವರ್ಷದ ಸಂಭ್ರಮಕ್ಕೆ 1958ರಲ್ಲಿ ಹೀಬ್ರೂ ಬೈಬಲಿನ ಸ್ಪರ್ಧೆ ನಡೆಸಿದಾಗ ಗೆದ್ದವರು ಆಮೋಸ್ ಹಾಖಾಮ್. ಜೆರುಸಲೇಮಿನ ಅಂಧರ ಸಂಸ್ಥೆಯೊಂದರಲ್ಲಿ ಸಣ್ಣ ಕೆಲಸದಲ್ಲಿದ್ದ, ಮಾತು ತೊಡಕಾಗಿದ್ದ ಮನುಷ್ಯ. ಅದುವರೆಗೆ ಯಾರ ಕಣ್ಣಿಗೂ ಬೀಳದಿದ್ದ ಅವರನ್ನು ದೇಶವೇ ಕೊಂಡಾಡಿತು. ಮುಂದೆ ಅವರು ಬೈಬಲಿನ ವ್ಯಾಖ್ಯಾನಕಾರರಾದರು. 1979ರಲ್ಲಿ ಕೆನಡಾದ ಇಬ್ಬರು ಪತ್ರಕರ್ತರು ಯೋಚಿಸಿದ ‘ಟ್ರಿವಿಯಲ್ ಪರ್ಸೂಟ್’ ಎಂಬ ಪ್ರಶ್ನೆಯಾಟದ ಪೆಟ್ಟಿಗೆ 1984ರಲ್ಲಿ ಸುಮಾರು ಎರಡು ಕೋಟಿ ಮಾರಾಟವಾಯಿತು. ಅದರ ಬೆನ್ನಿಗೇ ಬೈಬಲ್ ಪ್ರಶ್ನೆಗಳ ಪೆಟ್ಟಿಗೆಗಳೂ ಅಂಗಡಿಗೆ ಬಂದವು. ಕೇರಳದ ಕಥೋಲಿಕ ಸಭೆಯ ‘ಲೋಗೋಸ್’ ರಸಪ್ರಶ್ನೆಗೆ ಲಕ್ಷಾಂತರ ಮಂದಿ ಕುಳಿತದ್ದುಂಟು. 2020ರ ಕೊರೊನಾ ದಿನಗಳಲ್ಲಂತೂ ಬಾಗಿಲು ಮುಚ್ಚಿದ ಮನೆಗಳ ಒಳಗೆ ವಾಟ್ಸಾಪಿನಲ್ಲೇ ಸತ್ಯವೇದದ ರಸಪ್ರಶ್ನೆ ಹರಿದಾಡಿತು.

ಈಗ ಮೆತೂಷೆಲಹನು ಎಷ್ಟು ವರ್ಷ ಬದುಕಿದನೆಂದು ಕೇಳಿದರೆ ಮೊಮ್ಮಗ ಫೋನು ಒತ್ತಿ 969 ಎನ್ನುತ್ತಾನೆ. ಹಾಗಾದರೆ ನಮ್ಮ ಅರ್ಧ ಗಂಟೆಯ ಕೆಲಸ ಮುಗಿಯಿತೇ? ನನಗೆ ಹಾಗೆ ಕಾಣುವುದಿಲ್ಲ. ಫೋನು ಉತ್ತರ ಹೇಳುವ ಪ್ರಶ್ನೆಗಳನ್ನು ಫೋನಿಗೆ ಬಿಟ್ಟುಕೊಡೋಣ. ಮನುಷ್ಯರು ಕೂಡಿ ಕುಳಿತರೆ ಮಾತ್ರ ಬಲಿಯುವ ಪ್ರಶ್ನೆಗಳು ಉಳಿದಿವೆ.

ಒಮ್ಮೆ ನಾನು ಇಟ್ಟ ಪ್ರಶ್ನೆ ಹೀಗಿತ್ತು: ತಂದೆಯ ಆಸ್ತಿಯಲ್ಲಿ ಪಾಲು ಬೇಕೆಂದು ಮೋಶೆಯ ಮುಂದೆ ನಿಂತ ಐವರು ಅಕ್ಕತಂಗಿಯರು ಯಾರು? ಯಾರಿಗೂ ಹೊಳೆಯಲಿಲ್ಲ. ಅರಣ್ಯಕಾಂಡದ 27ನೆಯ ಅಧ್ಯಾಯ ತೆರೆಸಿದೆ. ಚಲ್ಪಹಾದನ ಹೆಣ್ಣುಮಕ್ಕಳು: ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಗಂಡುಮಕ್ಕಳಿಲ್ಲದೆ ಸತ್ತ ತಂದೆಯ ಹೆಸರು ಅಳಿಯಬೇಕೇ ಎಂದು ಅವರು ಕೇಳಿದರು. ಅವರು ಹೇಳುವುದು ನ್ಯಾಯವೇ ಎಂದು ದೇವರು ಮೋಶೆಗೆ ತಿಳಿಸಿದನು. ಮುಂದೆ 36ನೆಯ ಅಧ್ಯಾಯದಲ್ಲಿ, ಅವರು ತಮ್ಮ ಕುಲದೊಳಗೇ ಮದುವೆಯಾಗಬೇಕೆಂಬ ಕಟ್ಟೂ ಬಂತೆನ್ನಿ. ಓದಿ ಮುಗಿಸಿದಾಗ ಹಿಂದಿನ ಸಾಲಿನಿಂದ ಒಬ್ಬಳು ಮೆಲ್ಲಗೆ ಕೇಳಿದಳು: ‘ಅಕ್ಕಾ, ನಮಗೂ ಹಾಗೆ ಪಾಲು ಉಂಟಾ?’

ಆ ದಿನ ಚಹಾ ಆರಿಹೋಯಿತು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ಸತ್ತ ಕ್ರೈಸ್ತ ತಂದೆಯ ಆಸ್ತಿಯಲ್ಲಿ ಮಗನಿಗೂ ಮಗಳಿಗೂ ಸಮಪಾಲು ಎಂದು ತಿಳಿದವರೊಬ್ಬರು ಹೇಳಿದರು. ಕೇರಳದ ತಿರುವಾಂಕೂರಿನಲ್ಲಿ 1916ರ ಹಳೆಯ ಕಾಯಿದೆಯಂತೆ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ ಐದು ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅದು ಎಂದಿತ್ತು. ಮೇರಿ ರಾಯ್ ಎಂಬ ಹೆಂಗಸು ಹೋರಾಡಿ 1986ರಲ್ಲಿ ಸುಪ್ರೀಂ ಕೋರ್ಟಿನಿಂದ ಅದನ್ನು ಬದಲಾಯಿಸಿದರು ಎಂಬ ಮಾತೂ ಬಂತು. ಹಕ್ಕು ಬಿಟ್ಟೆನೆಂದು ಕಾಗದಕ್ಕೆ ಸಹಿ ಹಾಕಿದವರು ನಮ್ಮಲ್ಲೇ ಎಷ್ಟೋ ಮಂದಿ ಇದ್ದರು. ಓದದೆ ಹಾಕಿದವರೂ ಇದ್ದರು. ಅದು ಸ್ಪರ್ಧೆಯ ಪ್ರಶ್ನೆಯಾಗಿದ್ದರೆ ಐದು ಹೆಸರು ಹೇಳಿ ಹತ್ತು ಅಂಕ ಪಡೆದು ಮುಗಿಯುತ್ತಿತ್ತು.

ಅಂದಿನಿಂದ ಪ್ರತಿ ಕೂಟದ ಕೊನೆಗೆ ಅಂಕವಿಲ್ಲದ ಪ್ರಶ್ನೆಯೊಂದನ್ನು ಇಡುತ್ತೇನೆ. ಲೋಟನ ಹೆಂಡತಿಯ ಹೆಸರೇನು ಎಂಬುದು ಅವುಗಳಲ್ಲಿ ಒಂದು. ಹುಡುಕುತ್ತಾರೆ, ಸಿಗುವುದಿಲ್ಲ. ನಂತರದ ಯೆಹೂದಿ ಪರಂಪರೆ ಆಕೆಗೆ ಹೆಸರಿಟ್ಟಿದೆ, ಸತ್ಯವೇದದಲ್ಲಿ ಇಲ್ಲ. ಲೋಟನ ಹೆಂಡತಿಯನ್ನು ನೆನಪು ಮಾಡಿಕೊಳ್ಳಿರೆಂದು ಯೇಸುವೇ ಹೇಳಿದ್ದುಂಟು. ಹೆಸರಿಲ್ಲದವಳನ್ನು ನೆನೆಯುವುದು ಹೇಗೆ? ನೋಹನ ಹೆಂಡತಿ, ಸಂಸೋನನ ಮದುಮಗಳು, ಶೆಬದ ರಾಣಿ, ಪೇತ್ರನ ಅತ್ತೆ, ಬಾವಿಕಟ್ಟೆಯ ಸಮಾರ್ಯದವಳು, ಹೀಗೆ ಪಟ್ಟಿ ಬೆಳೆಯುತ್ತದೆ. ಹೆಂಗಸರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ. ಆಗ ಇನ್ನೊಂದು ಪ್ರಶ್ನೆ: ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ, ಗಂಡುಕೂಸುಗಳನ್ನು ಕೊಲ್ಲಿರೆಂದು ಆಜ್ಞೆ ಮಾಡಿದ ಐಗುಪ್ತದ ಅರಸನ ಹೆಸರೇನು? ಮತ್ತೆ ಹುಡುಕುತ್ತಾರೆ. ಅವನ ಹೆಸರೂ ಇಲ್ಲ. ಬರೀ ಅರಸ, ಫರೋಹ. ಅವನ ಮಾತು ಮೀರಿ ಕೂಸುಗಳನ್ನು ಉಳಿಸಿದ ಇಬ್ಬರು ಸೂಲಗಿತ್ತಿಯರ ಹೆಸರು ಮಾತ್ರ ಸ್ಪಷ್ಟವಾಗಿದೆ. ಶಿಪ್ರಾ ಮತ್ತು ಪೂಗಾ. ಅದನ್ನು ಗಟ್ಟಿಯಾಗಿ ಓದಲು ನಾನು ಯಾವಾಗಲೂ ಹಿಂದಿನ ಸಾಲಿನವರನ್ನೇ ಕರೆಯುತ್ತೇನೆ.